ಪಹಣಿ ಇದ್ದವರು, ಲೈನ್ ಮನೆಯವರು

ಕೊಡಗಿನಲ್ಲಿ ಯಾರು ಶ್ರೀಮಂತರು, ಯಾರು ಬಡವರು ಅಂತ ಕೇಳಿದರೆ ಜನ ಎಕರೆ ಲೆಕ್ಕ ಹೇಳುತ್ತಾರೆ. ನನಗೆ ಇನ್ನೊಂದು ಪ್ರಶ್ನೆ ಮುಖ್ಯ ಅನ್ನಿಸುತ್ತದೆ: ನಿಮ್ಮ ಅಜ್ಜ ಏನು ಬಿಟ್ಟು ಹೋದರು? ಐನ್‌ಮನೆ ಅನ್ನೋ ಹಿರಿಯರ ಮನೆ, ಗದ್ದೆ, ಗದ್ದೆಗೆ ಸೇರಿದ ಬಾಣೆ ಜಾಗ, ಅದರಲ್ಲಿ ಕಾಫಿ ಅಂತ ಕೆಲವರು ಹೇಳುತ್ತಾರೆ. ಸುಳ್ಯದ ಕಡೆಯಿಂದಲೋ ಮಲಬಾರಿನಿಂದಲೋ ಬಂದು, ಅಂಗಡಿ ಇಟ್ಟು, ಸ್ವಲ್ಪ ಸ್ವಲ್ಪವೇ ಜಾಗ ಮಾಡಿದ ಕಥೆ ಇನ್ನು ಕೆಲವರದು. "ಅಜ್ಜನೂ ಇದೇ ತೋಟದಲ್ಲಿ ಇದ್ದ, ಏನೂ ಬಿಟ್ಟಿಲ್ಲ" ಅನ್ನುವವರು ಹೆಚ್ಚಾಗಿ ಯರವರು, ಜೇನುಕುರುಬರಂಥ ಬುಡಕಟ್ಟಿನವರು, ಇಲ್ಲವೇ ಪರಿಶಿಷ್ಟ ಜಾತಿಯವರು. ಹೆಸರು ಕೇಳಬೇಕಾಗಿಲ್ಲ. ಅಜ್ಜ ಬಿಟ್ಟು ಹೋದದ್ದು ಕೇಳಿದರೆ ಸಾಕು, ಜಾತಿ ಹೆಚ್ಚುಕಡಿಮೆ ಗೊತ್ತಾಗಿಬಿಡುತ್ತದೆ. ಇದು ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿರುವ ವಿಷಯ.

ಸಿದ್ದಾಪುರದ ಹತ್ತಿರದ ಒಂದು ಸಹಕಾರ ಸಂಘದಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು ನಾನು. ಸಾಲದ ಕೌಂಟರಿನಲ್ಲಿ ಕೂತರೆ ಊರಿನ ಹಣೆಬರಹ ಕಾಗದದಲ್ಲೇ ಕಾಣುತ್ತದೆ. ಪಹಣಿ ತಂದವರಿಗೆ ಬೆಳೆ ಸಾಲ. ಮೊದಲು 3 ಲಕ್ಷದವರೆಗೆ ಬಡ್ಡಿ ಇರಲಿಲ್ಲ, 2023ರ ಬಜೆಟ್ ಆದ ಮೇಲೆ 5 ಲಕ್ಷದವರೆಗೆ ಇಲ್ಲ. ಗೊಬ್ಬರವೂ ಸಂಘದಲ್ಲೇ ಸಿಗುತ್ತದೆ. 2018ರಲ್ಲಿ ಸರ್ಕಾರ ಸಹಕಾರ ಸಂಘಗಳ ಬೆಳೆ ಸಾಲವನ್ನು 1 ಲಕ್ಷದವರೆಗೆ ಮನ್ನಾ ಮಾಡಿದಾಗ ಅದೂ ಪಹಣಿ ಇದ್ದವರಿಗೇ ಬಂತು. ಸಾಲವೇ ಸಿಗದವರಿಗೆ ಮನ್ನಾ ಎಲ್ಲಿಂದ ಬರಬೇಕು?

ಪಹಣಿ ಇಲ್ಲದವರಿಗೆ ಸಾಲ ಸಿಗುವುದು ಎರಡೇ ಕಡೆ. ಒಂದು, ವಾರ ವಾರ ಕಂತು ವಸೂಲಿಗೆ ಮನೆ ಬಾಗಿಲಿಗೇ ಬರುವ ಫೈನಾನ್ಸಿನವರ ಹತ್ತಿರ. ಇನ್ನೊಂದು ತೋಟದ ಸಾವ್ಕಾರ್ರ ಹತ್ತಿರ, ಮುಂಗಡ ಅಂತ. ಆ ಮುಂಗಡವನ್ನು ತೋಟದ ಲೆಕ್ಕ ನೋಡುವ ರೈಟರ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ತೀರುವವರೆಗೆ ಬೇರೆ ತೋಟಕ್ಕೆ ಹೋಗುವ ಮಾತಿಲ್ಲ. 1976ರಲ್ಲೇ ಜೀತ ಪದ್ಧತಿ ರದ್ದತಿ ಕಾಯ್ದೆ ಬಂದಿದೆ. ಎಲ್ಲ ತೋಟಗಳೂ ಹೀಗೆ ಅಂತ ನಾನು ಹೇಳುವುದಿಲ್ಲ. ಆಳುಗಳನ್ನು ಮನೆಯವರ ಹಾಗೆ ನೋಡಿಕೊಂಡ ಸಾವ್ಕಾರ್ರನ್ನೂ ಕಂಡಿದ್ದೇನೆ. ಆದರೆ ಆಳುಗಳು ಇರುವ ತೋಟದ ಸಾಲುಮನೆ, ಅಂದರೆ ಲೈನ್ ಮನೆ, ಒಳ್ಳೆಯ ಸಾವ್ಕಾರ್ರ ತೋಟದಲ್ಲಿ ಕೂಡ ಸಾವ್ಕಾರ್ರದ್ದೇ. ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕು. ಅಪ್ಪ ಸತ್ತ ಮೇಲೆ ಮಗ ಅಲ್ಲೇ ಇರಬೇಕಾದರೆ ಮಗನೂ ಅದೇ ತೋಟದಲ್ಲಿ ಕೆಲಸ ಮಾಡಬೇಕು.

ಅಮೆರಿಕದ ಒಂದು ಅಧ್ಯಯನದ ಬಗ್ಗೆ ಓದುವಾಗ ಇದೆಲ್ಲ ಇನ್ನೂ ಸ್ಪಷ್ಟವಾಯಿತು. ರಾಜ್ ಚೆಟ್ಟಿ ಅನ್ನೋ ಅರ್ಥಶಾಸ್ತ್ರಜ್ಞರು, ಭಾರತದಲ್ಲಿ ಹುಟ್ಟಿದವರು, ತಮ್ಮ ಜೊತೆಗಾರರ ಜೊತೆ ಸೇರಿ 2018ರಲ್ಲಿ ಹೊರತಂದದ್ದು. ಸುಮಾರು 2 ಕೋಟಿ ಜನರ ತೆರಿಗೆ ಮತ್ತು ಜನಗಣತಿ ದಾಖಲೆಗಳನ್ನು ಜೋಡಿಸಿ, ಅಪ್ಪ ಅಮ್ಮನ ಆದಾಯ ಎಷ್ಟಿತ್ತು, ಮಕ್ಕಳು ದೊಡ್ಡವರಾದಾಗ ಎಷ್ಟಾಯಿತು ಅಂತ ನೋಡಿದ್ದಾರೆ. ಒಂದೇ ಬೀದಿ, ಒಂದೇ ಆದಾಯದ ಮನೆ. ಅಲ್ಲಿ ಬೆಳೆದ ಬಿಳಿಯ ಹುಡುಗ ಮತ್ತು ಕಪ್ಪು ಹುಡುಗ ದೊಡ್ಡವರಾದಾಗ ಒಂದೇ ಸಮ ಇರುವುದಿಲ್ಲ. ಕಪ್ಪು ಹುಡುಗ ಕಡಿಮೆ ದುಡಿಯುತ್ತಾನೆ. ಶ್ರೀಮಂತ ಮನೆಯಲ್ಲಿ ಹುಟ್ಟಿದ ಕಪ್ಪು ಹುಡುಗನೂ ಕೆಳಗೆ ಜಾರುವ ಸಾಧ್ಯತೆ ಬಿಳಿಯ ಹುಡುಗನಿಗಿಂತ ಜಾಸ್ತಿ. ಹೆಣ್ಣುಮಕ್ಕಳಲ್ಲಿ, ಅಪ್ಪ ಅಮ್ಮನ ಆದಾಯ ಒಂದೇ ಇದ್ದರೆ, ಈ ಅಂತರ ಕಾಣುವುದೇ ಇಲ್ಲ ಅನ್ನುವಷ್ಟು ಕಡಿಮೆ. ಅಲ್ಲಿನ ಮೂಲನಿವಾಸಿಗಳ ಮಕ್ಕಳೂ ಕಪ್ಪು ಜನರ ಮಕ್ಕಳ ಹಾಗೆ ಮೇಲೇರುವುದು ಕಮ್ಮಿ, ಕೆಳಗೆ ಬೀಳುವುದು ಜಾಸ್ತಿ. ಸ್ಪ್ಯಾನಿಷ್ ಮಾತಾಡುವ ದೇಶಗಳಿಂದ ಬಂದವರ ಮಕ್ಕಳು ತಲೆಮಾರಿನಿಂದ ತಲೆಮಾರಿಗೆ ಮೇಲೆ ಬರುತ್ತಿದ್ದಾರೆ.

ಇದು ಆದಾಯದ ಮಾತು. ಆಸ್ತಿಯ ಲೆಕ್ಕ ಇದಕ್ಕಿಂತ ಕೆಟ್ಟದಾಗಿದೆ. ಅಲ್ಲಿನ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ 2022ರಲ್ಲಿ ಮಾಡಿದ ಸಮೀಕ್ಷೆಯಲ್ಲಿ, ಸಾಲ ಕಳೆದು ಉಳಿಯುವ ಆಸ್ತಿ, ಆಸ್ತಿಯ ಸಾಲಿನಲ್ಲಿ ಸರಿಯಾಗಿ ಮಧ್ಯದಲ್ಲಿ ನಿಲ್ಲುವ ಬಿಳಿಯ ಕುಟುಂಬಕ್ಕೆ 2,85,000 ಡಾಲರ್. ಹಾಗೇ ಮಧ್ಯದ ಕಪ್ಪು ಕುಟುಂಬಕ್ಕೆ 44,900 ಡಾಲರ್. ಸುಮಾರು ಆರು ಪಟ್ಟು ವ್ಯತ್ಯಾಸ. ಗುಲಾಮಗಿರಿ ಹೋಗಿ 150 ವರ್ಷ ದಾಟಿದ ಮೇಲೂ ಇಷ್ಟು.

ಇದರ ಬೇರು ಹುಡುಕುತ್ತಾ ಹೋದರೆ ಮತ್ತೆ ಜಮೀನೇ ಸಿಗುತ್ತದೆ. 1862ರಲ್ಲಿ ಅಮೆರಿಕ ಸರ್ಕಾರ ಹೋಮ್‌ಸ್ಟೆಡ್ ಕಾಯ್ದೆ ತಂದು, ಹೋಗಿ ನೆಲೆಸಿ ಉಳುವವರಿಗೆ 160 ಎಕರೆ ಕೊಟ್ಟಿತು. ಹೆಚ್ಚಿನದು ಬಿಳಿಯರ ಪಾಲಾಯಿತು. ಬಿಡುಗಡೆಯಾದ ಗುಲಾಮರಿಗೆ ಕುಟುಂಬಕ್ಕೆ 40 ಎಕರೆವರೆಗೆ ಅಂತ ಜನರಲ್ ಶರ್ಮನ್ 1865ರ ಜನವರಿಯಲ್ಲಿ ಆದೇಶ ಮಾಡಿದ. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಆ ಜಮೀನನ್ನು ವಾಪಸ್ ಹಳೇ ಯಜಮಾನರಿಗೇ ಕೊಡಿಸಿದ. ಇನ್ನು ಬಿಳಿಯರ ಪಾಲಾದ ಆ ಜಮೀನು ಮೊದಲು ಯಾರದು ಅಂದರೆ, ಮೂಲನಿವಾಸಿಗಳದು. ಇಲ್ಲಿ ಓದು ನಿಲ್ಲಿಸಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಹೆಸರುಗಳನ್ನು ಬದಲಾಯಿಸಿದರೆ ನಮ್ಮದೇ ಕಥೆ ಅಲ್ವಾ ಇದು?

ನಮ್ಮ ಕಥೆ ಹೀಗೆ. ಹಾಲೇರಿ ರಾಜರ ಕಾಲದಲ್ಲಿ ಸೈನಿಕ ಸೇವೆಗೆ ಬದಲಾಗಿ ಒಕ್ಕಗಳಿಗೆ, ಅಂದರೆ ಒಂದೇ ಮನೆತನದವರಿಗೆ, ಜಮ್ಮಾ ಭೂಮಿ ಇತ್ತು. ಕಂದಾಯ ಸಾಗು ಭೂಮಿಯ ಅರ್ಧ. ತಲೆಮಾರಿನಿಂದ ತಲೆಮಾರಿಗೆ ಒಕ್ಕದಲ್ಲೇ ಉಳಿಯಬೇಕು, ಮಾರಿ ಹೊರಗೆ ಕಳಿಸುವ ಹಾಗಿಲ್ಲ. ಗದ್ದೆಯ ಜೊತೆ ಬಾಣೆ, ದನ ಮೇಯಿಸೋಕೆ, ಸೊಪ್ಪಿಗೆ, ಸೌದೆಗೆ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡರೂ ಜಮ್ಮಾವನ್ನು ಮುಟ್ಟಲಿಲ್ಲ. 1854ರಲ್ಲಿ ಫೌಲರ್ ಅನ್ನೋ ದೊರೆ ಮಡಿಕೇರಿಯಲ್ಲಿ ಮೊದಲ ಕಾಫಿ ಎಸ್ಟೇಟ್ ಮಾಡಿದ. ಆಮೇಲೆ ಬಾಣೆಗಳಿಗೂ ಕಾಫಿ ಬಂತು. ಸೌದೆಗೆ ಅಂತ ಬಿಟ್ಟ ಜಾಗ ಮೊಮ್ಮಕ್ಕಳ ಕಾಲಕ್ಕೆ ಚಿನ್ನವಾಯಿತು.

ಜಮ್ಮಾ ಜೊತೆ ಬಂದದ್ದು ಜಮೀನು ಮಾತ್ರ ಅಲ್ಲ. ಬ್ರಿಟಿಷರು 1861ರಲ್ಲಿ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟರು. ಅದು ಇವತ್ತಿಗೂ ನಡೆಯುತ್ತಿದೆ, 2029ರವರೆಗೆ ಮುಂದುವರಿದಿದೆ. ಕೈಲ್ ಪೊಳ್ದ್‌ನಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಗಳ ಹೆಮ್ಮೆ ನನಗೆ ಅರ್ಥವಾಗುತ್ತದೆ. ಅದನ್ನು ಕಿತ್ತುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಹುಟ್ಟು ಮತ್ತು ಜಮೀನು ಎರಡೂ ಸೇರಿ ಒಬ್ಬ ಮನುಷ್ಯನಿಗೆ ಸಮಾಜದಲ್ಲಿ ಎಂಥ ಜಾಗ ಕೊಡುತ್ತವೆ ಅನ್ನೋದಕ್ಕೆ ಇದಕ್ಕಿಂತ ಕಣ್ಣಿಗೆ ಕಾಣುವ ಉದಾಹರಣೆ ನನಗೆ ಗೊತ್ತಿಲ್ಲ.

ಅದೇ ರಾಜರ ಕಾಲದಲ್ಲಿ ಜಮೀನಿನ ಜೊತೆ ಆಳುಗಳೂ ಸೇರಿರುತ್ತಿದ್ದರು. ಜಮೀನು ಯಾರಿಗೋ ಆಳೂ ಅವರಿಗೆ. 1843ರಲ್ಲಿ ಬ್ರಿಟಿಷರು ಕಾನೂನಿನಲ್ಲಿ ಗುಲಾಮಗಿರಿಗೆ ಮಾನ್ಯತೆ ತೆಗೆದುಹಾಕಿದರು. ಅದು ಕಾಗದದ ಮಾತಾಯಿತು. ಗಡಿಯಾಚೆ ವಯನಾಡಿನ ಮಾನಂತವಾಡಿ ಹತ್ತಿರ ವಳ್ಳಿಯೂರ್ಕಾವ್ ದೇವಸ್ಥಾನ ಇದೆ. ಅಲ್ಲಿನ ಜಾತ್ರೆಯಲ್ಲಿ ಪಣಿಯರು, ಅಡಿಯರು ದೇವಿಯ ಎದುರು ಒಂದು ವರ್ಷಕ್ಕೆ ಜಮೀನ್ದಾರನ ಆಳಾಗಿರುತ್ತೇವೆ ಅಂತ ಒಪ್ಪಿ ಹಣ ಪಡೆಯುವ ಪದ್ಧತಿ ಕಳೆದ ಶತಮಾನದಲ್ಲೂ ಇತ್ತು. ನಮ್ಮ ಕಡೆಯ ಪಣಿ ಯರವರು, ಪಂಜರಿ ಯರವರು ಅಂದರೆ ಇದೇ ಜನ. ಜೇನುಕುರುಬರ ದಾರಿ ಬೇರೆ. ಅವರು ಕಾಡಿನವರು. ಮೊದಲು ಕಾಡು ಮೀಸಲು ಅರಣ್ಯವಾಯಿತು, ಆಮೇಲೆ ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಆಮೇಲೆ ಹುಲಿ ಯೋಜನೆ. ಪ್ರತಿ ಸಲವೂ ಕೆಲವು ಹಾಡಿಗಳು, ಅಂದರೆ ಅವರ ಊರುಗಳು, ಹೊರಗೆ ಬಂದವು. ಬಂದವರಲ್ಲಿ ಎಷ್ಟೋ ಜನ ಸೇರಿದ್ದು ತೋಟದ ಲೈನಿಗೆ.

ನಮ್ಮದು ಅರೆಭಾಷೆ ಗೌಡರ ಮನೆ. ದೊಡ್ಡ ಆಸ್ತಿವಂತರೇನೂ ಅಲ್ಲ, ಮೂರು ಎಕರೆ ಕಾಫಿ, ಸ್ವಲ್ಪ ಗದ್ದೆ. ನಾನು ಸಂಘಕ್ಕೆ ಸೇರುವಾಗ ನೌಕರರು ಭದ್ರತಾ ಠೇವಣಿ ಕಟ್ಟಬೇಕಿತ್ತು. ಅಪ್ಪ ಆ ವರ್ಷದ ಕರಿಮೆಣಸು ಮಾರಿ ಕಟ್ಟಿದರು. ಅಣ್ಣನ ಡಿಪ್ಲೊಮಾಗೆ ತೋಟದ ಮೇಲೆ ಸಾಲ. ಅಣ್ಣನಿಗೆ ಕೆಲಸ ಸಿಕ್ಕಿತು, ಸಾಲ ತೀರಿತು, ತೋಟ ಹಾಗೇ ಉಳಿಯಿತು. ನಾನು ಚೆನ್ನಾಗಿ ಓದಿದೆ, ನಿಜ. ಆದರೆ ನನ್ನ ಓದು ಮೂರು ಎಕರೆಯ ಮೇಲೆ ನಿಂತಿತ್ತು. ಆ ಮೂರು ಎಕರೆಯನ್ನು ನಾನು ದುಡಿದು ತಂದದ್ದಲ್ಲ.

ಈಗ ಇನ್ನೊಂದು ಮನೆ. ನಾನು ನಿವೃತ್ತಿಯಾಗುವ ಸ್ವಲ್ಪ ಮೊದಲು ಗಂಡ ಹೆಂಡತಿ ಇಬ್ಬರು ಸಂಘಕ್ಕೆ ಬಂದರು, ಯರವರು. ಅವನು ಮೆಣಸು ಕೊಯ್ಯೋದರಲ್ಲಿ ಹೆಸರಾದವನು. ಎತ್ತರದ ಮರಕ್ಕೆ ಏಣಿ ಇಟ್ಟು ಒಂದು ಗೊನೆಯನ್ನೂ ಬಿಡದೆ ಇಳಿಯುತ್ತಾನೆ ಅಂತ ತೋಟದವರು ಹೊಗಳುತ್ತಿದ್ದರು. ಮಗಳು ಪಿಯುಸಿ ಪಾಸಾಗಿದ್ದಳು, ಸೈನ್ಸ್‌ನಲ್ಲಿ. ಆ ಲೈನಿನಲ್ಲಿ ಅಷ್ಟು ಓದಿದವಳು ಅವಳೇ ಮೊದಲು. ನರ್ಸಿಂಗ್ ಸೀಟು ಸಿಕ್ಕಿತ್ತು. ಸ್ಕಾಲರ್‌ಶಿಪ್ ಇದೆ, ಆದರೆ ಅದು ಬರೋದು ತಿಂಗಳುಗಳಾದ ಮೇಲೆ. ಫೀಸು, ಹಾಸ್ಟೆಲ್ಲು, ಬಟ್ಟೆ ಅಂತ ಕೈಯಲ್ಲಿ ಹಣ ಬೇಕಾದದ್ದು ಆ ವಾರವೇ. ಹೆಂಡತಿ ಸೆರಗಿನ ಗಂಟಿನಲ್ಲಿ ಮಗಳ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಮಡಚಿ ಇಟ್ಟುಕೊಂಡಿದ್ದಳು. ಬಿಡಿಸಿ ನನ್ನ ಮೇಜಿನ ಮೇಲೆ ಇಟ್ಟಳು.

"ಅಕ್ಕಾ, ಏನು ಪೇಪರ್ ಬೇಕು ಹೇಳಿ. ತರ್ತೇವೆ" ಅಂದ ಅವನು.

"ಪಹಣಿ ಬೇಕು. ಇಲ್ಲಾಂದ್ರೆ ಸಂಘದ ಮೆಂಬರ್ ಇಬ್ಬರ ಜಾಮೀನು."

"ಪಹಣಿ ಸಾವ್ಕಾರ್ರದ್ದಲ್ವಾ ಅಕ್ಕ?"

ಅವನ ದನಿಯಲ್ಲಿ ದೂರು ಇರಲಿಲ್ಲ. ಪಹಣಿ ಅಂದರೆ ಸಾವ್ಕಾರ್ರ ಹತ್ತಿರ ಇರುವ ವಸ್ತು, ಅಷ್ಟೇ. ಅವನಿಗೆ ಜಾಮೀನು ಹಾಕೋಕೆ ಒಬ್ಬ ಮೆಂಬರೂ ಮುಂದೆ ಬರಲಿಲ್ಲ. ನಾನು ನೌಕರಳಾಗಿದ್ದರಿಂದ ನಿಯಮದ ಪ್ರಕಾರ ಜಾಮೀನು ಹಾಕುವ ಹಾಗಿರಲಿಲ್ಲ. ಕೊನೆಗೆ ತೋಟದಿಂದ ಮುಂಗಡ ತೆಗೆದುಕೊಂಡರು. ಹುಡುಗಿ ಕಾಲೇಜಿಗೆ ಹೋದಳು. ಆ ಮುಂಗಡ ತೀರಿಸೋಕೆ ಅವಳ ತಮ್ಮ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಕಾಫಿ ಕುಯ್ಲಿಗೆ ಬಂದ. ನಮ್ಮ ಮನೆಯಲ್ಲಿ ಅಣ್ಣನ ಓದಿಗೆ ತೋಟ ಅಡವಾಯಿತು. ಅವರ ಮನೆಯಲ್ಲಿ ಅಕ್ಕನ ಓದಿಗೆ ತಮ್ಮನೇ ಅಡವಾದ.

ಈ ವಿಷಯ ಎತ್ತಿದಾಗಲೆಲ್ಲ ಒಂದು ಮಾತು ಬರುತ್ತದೆ: "ಅವರು ಕುಡೀತಾರೆ, ಉಳಿಸೋದಿಲ್ಲ, ಮಕ್ಕಳನ್ನು ಶಾಲೆಗೆ ಕಳಿಸೋದಿಲ್ಲ." ಕುಡಿತ ಇದೆ. ಲೈನ್ ಮನೆಗಳಲ್ಲಿ ಅದರಿಂದ ಸತ್ತವರ ಹೆಂಡತಿಯರನ್ನು ನೋಡಿದ್ದೇನೆ, ಅದನ್ನು ಹಗುರ ಮಾಡಿ ಮಾತಾಡಲಾರೆ. ಆದರೆ ಕುಡಿತ ನಮ್ಮಲ್ಲಿ ಎಲ್ಲ ಜಾತಿಯಲ್ಲೂ ಇದೆ. ಕುಡಿದು ಹಾಳಾದ ಜಮೀನ್ದಾರರ ಮಕ್ಕಳು ಲೈನ್ ಮನೆಗೆ ಬರಲಿಲ್ಲ, ಯಾಕಂದರೆ ತೋಟ ಒಕ್ಕದಲ್ಲಿ ಉಳಿದಿತ್ತು. ಚಿಕ್ಕಪ್ಪನೋ ದೊಡ್ಡಪ್ಪನೋ ನೋಡಿಕೊಂಡರು. ಒಬ್ಬನ ತಪ್ಪು ಮುಂದಿನ ತಲೆಮಾರನ್ನು ಮುಳುಗಿಸದಂತೆ ಆಸ್ತಿ ತಡೆಯುತ್ತದೆ. ಆಸ್ತಿ ಇಲ್ಲದವನಿಗೆ ಒಂದು ತಪ್ಪು ಸಾಕು. ತಪ್ಪೂ ಬೇಕಾಗಿಲ್ಲ, ಒಂದು ಆನೆ ಸಾಕು. ಬೆಳಗ್ಗೆ ಕೆಲಸಕ್ಕೆ ನಡೆದು ಹೋಗುವಾಗ ತೋಟದೊಳಗೆ ಆನೆಗೆ ಸಿಕ್ಕುವವರಲ್ಲಿ ಕಾರ್ಮಿಕರೇ ಜಾಸ್ತಿ.

ಶಾಲೆಯ ಮಾತೂ ಅಷ್ಟು ಸುಲಭದ್ದಲ್ಲ. ಯರವ ಮಕ್ಕಳು ಮನೆಯಲ್ಲಿ ಆಡೋದು ರಾವುಳ ಭಾಷೆ. ಒಂದನೇ ಕ್ಲಾಸಿನಲ್ಲಿ ಕನ್ನಡ ಕೇಳಿಸಿದರೆ ಅದು ಅವರಿಗೆ ಹೊಸ ಭಾಷೆ. ಡಿಸೆಂಬರಿನಿಂದ ಫೆಬ್ರುವರಿವರೆಗೆ ಕುಯ್ಲು, ದೊಡ್ಡವರೆಲ್ಲ ತೋಟದಲ್ಲಿ. ಚಿಕ್ಕ ಮಗುವನ್ನು ನೋಡಿಕೊಳ್ಳೋಕೆ ದೊಡ್ಡ ಮಗು ಮನೆಯಲ್ಲಿ. ವರ್ಷದ ಮಧ್ಯೆ ಅಪ್ಪ ಅಮ್ಮ ತೋಟ ಬದಲಾಯಿಸಿದರೆ ಶಾಲೆಯೂ ಬದಲು. ಆಶ್ರಮ ಶಾಲೆಗಳಿಂದ ಓದಿ ಮೇಲೆ ಬಂದವರಿದ್ದಾರೆ, ಅವರು ನನಗೆ ದೊಡ್ಡವರಾಗಿ ಕಾಣುತ್ತಾರೆ.

ಇಡೀ ದೇಶದ ಲೆಕ್ಕದಲ್ಲಿ ಒಂದು ಸಮಾಧಾನದ ಸಂಗತಿಯೂ ಇದೆ. ಆಶರ್, ನೊವೊಸಾದ್, ರಾಫ್ಕಿನ್ ಅನ್ನೋ ಮೂವರು ಸಂಶೋಧಕರು ಭಾರತದಲ್ಲಿ ಅಪ್ಪಂದಿರ ಮತ್ತು ಮಕ್ಕಳ ಓದನ್ನು ಹೋಲಿಸಿ ನೋಡಿದ್ದಾರೆ. ಕೆಳಗಿನ ಮನೆಯ ಮಕ್ಕಳು ಮೇಲೆ ಬರುವ ಅವಕಾಶ ಒಟ್ಟಾರೆ ಹೆಚ್ಚಾಗಿಲ್ಲ. ಆದರೆ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಹೆಚ್ಚಾಗಿದೆ. ಮುಸ್ಲಿಮರ ಮಕ್ಕಳಿಗೆ ಕಡಿಮೆಯಾಗಿದೆ. ಅಂದರೆ ಮೀಸಲಾತಿ, ಹಾಸ್ಟೆಲ್ಲು, ಸ್ಕಾಲರ್‌ಶಿಪ್ ವ್ಯರ್ಥವಾಗಿಲ್ಲ ಅಂತಲೇ ನಾನು ಓದಿಕೊಂಡೆ. ಆದರೆ ಪರಿಶಿಷ್ಟ ಪಂಗಡ ಅನ್ನೋ ಒಂದೇ ಪಟ್ಟಿಯಲ್ಲಿ ಬಹಳ ಬೇರೆ ಬೇರೆ ಜನ ಇದ್ದಾರೆ. ಕರ್ನಾಟಕದಲ್ಲಿ ಕೇಂದ್ರ ಸರ್ಕಾರವೇ ಅತಿ ದುರ್ಬಲ ಅಂತ ಗುರುತಿಸಿದ ಬುಡಕಟ್ಟುಗಳು ಎರಡು, ಜೇನುಕುರುಬರು ಮತ್ತು ಕೊರಗರು. ಕೊಡಗಿನ ಯರವರು ಆ ಎರಡರಲ್ಲಿಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ 5,54,519 ಜನರಲ್ಲಿ ಹತ್ತಕ್ಕೊಬ್ಬರು ಪರಿಶಿಷ್ಟ ಪಂಗಡದವರು, ಸಾಕ್ಷರತೆ ಶೇ 82.61. ಈ ಸರಾಸರಿ ಚೆನ್ನಾಗಿದೆ. ಲೈನ್ ಮನೆ ಅದರೊಳಗೆ ಕಾಣಿಸುವುದಿಲ್ಲ.

ದೇವರಪುರದಲ್ಲಿ ಪ್ರತಿ ಮೇ ತಿಂಗಳು ಕುಂಡೆ ಹಬ್ಬ ಆಗುತ್ತದೆ. ಯರವರು, ಕುರುಬರು ವೇಷ ಹಾಕಿ, ಡಬ್ಬ ಬಡಿದು, ದೇವರನ್ನೂ ಸಾವ್ಕಾರ್ರನ್ನೂ ಬಾಯಿಗೆ ಬಂದ ಹಾಗೆ ಬೈಯುತ್ತಾ ಗೋಣಿಕೊಪ್ಪದವರೆಗೆ ಬರುತ್ತಾರೆ. ಜನ ನಕ್ಕು ಹಣ ಕೊಡುತ್ತಾರೆ. ಟಿವಿಯವರು ಅದನ್ನು ವಿಚಿತ್ರ ಹಬ್ಬ ಅಂತ ತೋರಿಸುತ್ತಾರೆ. ನನಗೆ ಆ ಬೈಗುಳ ವಿಚಿತ್ರ ಅನ್ನಿಸಿಲ್ಲ. ವರ್ಷವಿಡೀ ಯಾಕೆ ಸುಮ್ಮನಿರುತ್ತಾರೆ ಅನ್ನೋದೇ ನನ್ನ ಪ್ರಶ್ನೆ.

2016ರಲ್ಲಿ ಅವರು ಸುಮ್ಮನಿರಲಿಲ್ಲ. ಲೈನ್ ಮನೆ ಬಿಟ್ಟು ಬಂದ ಐನೂರಕ್ಕೂ ಹೆಚ್ಚು ಕುಟುಂಬಗಳು ಮಾಲ್ದಾರೆ ಹತ್ತಿರದ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿದ್ದವು. ಇದು ಪೈಸಾರಿ, ಅಂದರೆ ಕಂದಾಯ ಇಲಾಖೆಯ ಸರ್ಕಾರಿ ಜಾಗ ಅಂತ ಅವರು, ಅರಣ್ಯ ಅಂತ ಅರಣ್ಯ ಇಲಾಖೆ. ಡಿಸೆಂಬರಿನ ಚಳಿಯಲ್ಲಿ ಗುಡಿಸಲುಗಳನ್ನು ಕೆಡವಿದರು. ದೊಡ್ಡ ಹೋರಾಟವಾದ ಮೇಲೆ ಕುಶಾಲನಗರದ ಕಡೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕಟ್ಟಿಕೊಟ್ಟರು. ಸ್ವಂತ ಮನೆ ಸಿಕ್ಕಿದ್ದು ಸಣ್ಣ ವಿಷಯವಲ್ಲ. ಆದರೆ ಉಳುವ ಭೂಮಿ ಸಿಗಲಿಲ್ಲ. ಹಾಗಾಗಿ ಕೂಲಿಗೆ ಮತ್ತೆ ತೋಟವೇ ಗತಿ.

ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಸರ್ಕಾರಿ ಜಾಗ ಒತ್ತುವರಿ ಮಾಡಿ ಕಾಫಿ ಬೆಳೆದವರಿಗೆ 25 ಎಕರೆವರೆಗೆ 30 ವರ್ಷದ ಗುತ್ತಿಗೆ ಕೊಡೋಕೆ ರಾಜ್ಯ ಸರ್ಕಾರ ಭೂಕಂದಾಯ ಕಾಯ್ದೆಯನ್ನೇ ತಿದ್ದಿದೆ. ಸಣ್ಣ ಬೆಳೆಗಾರರಿಗೆ ಅದರಿಂದ ಅನುಕೂಲ ಆಗುತ್ತದೆ, ನಾನು ಅದನ್ನು ವಿರೋಧಿಸುವುದಿಲ್ಲ. ಆದರೆ ಸರ್ಕಾರಿ ಜಾಗದಲ್ಲಿ ಕಾಫಿ ಇದ್ದರೆ ಕಾನೂನು ಬಗ್ಗುತ್ತದೆ, ಗುಡಿಸಲು ಇದ್ದರೆ ಜೆಸಿಬಿ ಬರುತ್ತದೆ ಅಂದರೆ ನಾವು ಇನ್ನೊಂದು ಮೂರು ತಲೆಮಾರಿಗೆ ಇದೇ ಅಂತರವನ್ನು ಬರೆದಿಡುತ್ತಿದ್ದೇವೆ. 2024ರಲ್ಲಿ ರೋಬಸ್ಟಾ ಕಾಫಿಯ ಒಣಗಿಸಿದ ಹಣ್ಣು, ಅಂದರೆ ಚೆರಿಯ 50 ಕೆ.ಜಿ. ಚೀಲ 10,000 ರೂಪಾಯಿ ದಾಟಿತು. ತೋಟ ಇದ್ದವರು ಹಳೆ ಸಾಲ ತೀರಿಸಿದರು, ಮಕ್ಕಳನ್ನು ಬೆಂಗಳೂರಿಗೆ ಕಳಿಸಿದರು. ಲೈನ್ ಮನೆಗೆ ಕೂಲಿ ಸ್ವಲ್ಪ ಏರಿತು. ಆ ಕೂಲಿ ಆ ವಾರದ ಸಂತೆಯಲ್ಲೇ ಮುಗಿಯಿತು.

ಕೊಡಗಿನವರಾದ ನಮಗೆ ಇದರ ಪರಿಹಾರ ಹೊರಗಿನವರು ಬಂದು ಹೇಳಬೇಕಾಗಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಓದಿ ನೋಡಿ. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನ ಜಾಗದಲ್ಲಿ ಇರುವ, ಉಳುತ್ತಿರುವ ಬುಡಕಟ್ಟಿನವರಿಗೆ 4 ಹೆಕ್ಟೇರ್‌ವರೆಗೆ ಹಕ್ಕು. ಗಂಡ ಹೆಂಡತಿ ಇಬ್ಬರ ಹೆಸರಲ್ಲಿ. ಮಕ್ಕಳಿಗೆ ಹೋಗುತ್ತದೆ, ಮಾರುವ ಹಾಗಿಲ್ಲ. ಜಮ್ಮಾವೂ ಹೀಗೇ ಅಲ್ವಾ ಇದ್ದದ್ದು? ಮಾರಲಾಗದ, ಮಕ್ಕಳಿಗೆ ಇಳಿದು ಬರುವ ಜಮೀನು ಒಂದು ಜನಾಂಗವನ್ನು ಎಷ್ಟು ಎತ್ತರಕ್ಕೆ ತರಬಲ್ಲದು ಅನ್ನೋದು ನಮ್ಮ ಕಣ್ಣೆದುರೇ ಇದೆ. ಸೈನ್ಯಕ್ಕೆ ಕಾರ್ಯಪ್ಪ, ತಿಮ್ಮಯ್ಯ ಅವರಂಥವರನ್ನು ಕೊಟ್ಟ ಸಮಾಜದ ಕಾಲಡಿಯಲ್ಲಿ ಅಂಥ ನೆಲ ಇತ್ತು. ಜೇನುಕುರುಬರು ಕೇಳುತ್ತಿರುವುದು ಅದನ್ನೇ. 2025ರ ಮೇ ತಿಂಗಳಲ್ಲಿ 52 ಕುಟುಂಬಗಳು ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ವಾಪಸ್ ಹೋಗಿ ಕೂತದ್ದೂ ಇದೇ ಹಕ್ಕಿಗಾಗಿ.

ಮಾರಲಾಗದ ಜಮೀನಿನ ಮೇಲೆ ಸಾಲ ಹೇಗೆ ಕೊಡೋದು ಅಂತ ನಮ್ಮ ಸಂಘದವರೇ ಕೇಳುತ್ತಾರೆ. ಜಮ್ಮಾ ಬಾಣೆಯವರಿಗೂ ಇದೇ ತೊಂದರೆ ಇತ್ತು. ಪಹಣಿಯ ಗೊಂದಲದಿಂದ ಎಷ್ಟೋ ಮನೆಯವರು ಬ್ಯಾಂಕಿನಿಂದ ಬ್ಯಾಂಕಿಗೆ ಅಲೆದರು. ಜಿಲ್ಲೆಯೇ ಒಟ್ಟಾಗಿ ಕೇಳಿದ್ದಕ್ಕೆ 2011ರಲ್ಲಿ ವಿಧಾನಮಂಡಲ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದಿತು. ಈಗ ರಿಸರ್ವ್ ಬ್ಯಾಂಕ್ ಕೂಡ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಆಸ್ತಿ ಅಡವು ಕೇಳಬಾರದು ಅಂತ 2025ರ ಜನವರಿಯಿಂದ ಹೇಳಿದೆ. ಹಕ್ಕುಪತ್ರ ಇರುವ ಹಾಡಿಯವರನ್ನು ಸಂಘದ ಮೆಂಬರ್ ಮಾಡಿಕೊಂಡು ಬೆಳೆ ಸಾಲ ಕೊಡಬೇಕು, ಲೈನ್ ಮನೆಯ ಮಕ್ಕಳ ಕಾಲೇಜು ಫೀಸಿಗೆ ಸ್ಕಾಲರ್‌ಶಿಪ್ ಬರುವವರೆಗೆ ಸಂಘವೇ ಕೈಸಾಲ ಕೊಡಬೇಕು ಅಂತ ಎರಡು ಬೇಡಿಕೆ ಬರೆದು ಕೊಟ್ಟಿದ್ದೇನೆ. ಈಗ ನಾನು ನೌಕರಳಲ್ಲ, ಮೆಂಬರ್. ಸೆಪ್ಟೆಂಬರಿನ ಮಹಾಸಭೆಯಲ್ಲಿ ಇದು ಚರ್ಚೆಗೆ ಬರುತ್ತದೆ. ಮೆಂಬರುಗಳ ಮನೆಮನೆಗೆ ಹೋಗಿ ಮಾತಾಡುತ್ತಿದ್ದೇನೆ. ಕೆಲವರು ಆಗಲಿ ಅಂದಿದ್ದಾರೆ, ಕೆಲವರು ಕಾಫಿ ಕೊಟ್ಟು ಮಾತು ಬದಲಾಯಿಸಿದ್ದಾರೆ. ಅವರ ಮನೆಗೆ ಇನ್ನೊಮ್ಮೆ ಹೋಗುತ್ತೇನೆ.